ಕೈ ಫ್ರೇಮಿನಲ್ಲಿರಲಿ

ನಮ್ಮ ಟಿವಿ ಧಾರಾವಾಹಿ ನಡೆಯುವುದೇ ಕ್ಲೋಸಪ್ ಮೇಲೆ. ಕಾರವಾರದ ಮಾಜಾಳಿ ಕಡಲತೀರದಲ್ಲಿ ನಾವು ಶೂಟಿಂಗ್ ಶುರು ಮಾಡಿದ್ದೂ ಹಾಗೇ. ನಾಯಕಿಗೆ ಕಿವಿ ಕೇಳುವುದಿಲ್ಲ, ನಾಯಕನಿಗೆ ಕೇಳುತ್ತದೆ; ಇಬ್ಬರ ಮಾತೂ ಕೈಸನ್ನೆಯಲ್ಲೇ. ನಾನು ಸಹ ನಿರ್ದೇಶಕ. ಮೊದಲ ಶಾಟ್ ಮಾನಿಟರ್‌ನಲ್ಲಿ ನೋಡಿದ ನಾಯಕಿ ನಕ್ಕು, ಇಂಟರ್‌ಪ್ರಿಟರ್ ಕಡೆ ತಿರುಗಿ ಏನೋ ಹೇಳಿದರು. "ನನ್ನ ಡೈಲಾಗೆಲ್ಲ ಕಟ್ ಮಾಡಿದ್ದೀರಲ್ಲ ಅಂತಿದ್ದಾರೆ ಸರ್." ನೋಡಿದರೆ ಪರದೆ ತುಂಬ ಮುಖ, ಕೈಗಳೇ ಇಲ್ಲ.

ಹಾಗಂತ ಕೈ ಮಾತ್ರ ಕಂಡರೂ ಸಾಲದು. ಭಾರತೀಯ ಸನ್ನೆ ಭಾಷೆಯಲ್ಲಿ ಹೌದಾ ಇಲ್ವಾ ಅನ್ನುವ ಪ್ರಶ್ನೆಗೆ ಹುಬ್ಬು ಏರಬೇಕು. ಯಾಕೆ, ಎಲ್ಲಿ ಅನ್ನುವ ಸನ್ನೆ ಬರುವುದು ವಾಕ್ಯದ ಕೊನೆಗೆ. ಎಡಿಟರ್ ಚೂರು ಬೇಗ ಕತ್ತರಿಸಿದರೆ ಪ್ರಶ್ನೆಯೇ ಮಾಯ! ಬೇರೆ ಧಾರಾವಾಹಿಯಲ್ಲಾದರೆ ಸೊಸೆಯ ಮಾತು ಓಡುತ್ತಿರುವಾಗಲೇ ಅತ್ತೆಯ ಮುಖ ತೋರಿಸಬಹುದು. ಇಲ್ಲಿ ಅತ್ತ ತಿರುಗಿದರೆ ಇತ್ತ ಮಾತು ಹೋಯಿತು. ಕೊನೆಗೆ ಇಬ್ಬರನ್ನೂ ಸೊಂಟದವರೆಗೆ ಒಂದೇ ಫ್ರೇಮಿನಲ್ಲಿ ಹಿಡಿದು, ಉದ್ದುದ್ದ ಶಾಟ್ ತೆಗೆದೆವು.

ಒದ್ದಾಡಿದ್ದು ಜಾಸ್ತಿ ನಾಯಕನೇ. ಪಕ್ಕದಿಂದ ಪ್ರಾಂಪ್ಟ್ ಮಾಡಿದ್ದನ್ನು ಕೇಳಿ ಹೇಳಿ ಅಭ್ಯಾಸ ಅವರಿಗೆ. ಸನ್ನೆಯನ್ನು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಕಣ್ಣು ಅತ್ತ ಓಡುತ್ತದೆ, ಶಾಟ್ ಕೆಡುತ್ತದೆ. ಪಾಪ, ಎಲ್ಲ ಬಾಯಿಪಾಠ, ಅಲ್ಲಲ್ಲ, ಕೈಪಾಠ ಮಾಡಬೇಕಾಯಿತು. ನಾಯಕಿ ಮಾತ್ರ ಒಂದು ಸಾಲೂ ಮರೆಯುತ್ತಿರಲಿಲ್ಲ.

'ಆಕ್ಷನ್' ಹೇಳುವುದೂ ಒಂದು ಕಥೆ. ಹಲಗೆ ಹಾಸಿದ ನೆಲವಾದರೆ ಕಾಲಿನಿಂದ ಗುದ್ದಿದರೆ ಸಾಕು, ಅವರಿಗೆ ಅದುರು ತಿಳಿಯುತ್ತದೆ. ಮರಳಿನಲ್ಲಿ ಎಲ್ಲಿಯ ಅದುರು? ನಮ್ಮ ಹುಡುಗನೊಬ್ಬ ಕೆಂಪು ಟವೆಲ್ ಬೀಸಿದ. ದೋಣಿಯವರು ತಮ್ಮನ್ನೇ ಕರೆಯುತ್ತಿದ್ದಾರೆಂದು ದಡಕ್ಕೇ ಬಂದುಬಿಟ್ಟರು.

ಆವತ್ತು ತೆಗೆದಿದ್ದು ಜಗಳದ ದೃಶ್ಯ. ತಲೆ ಮೇಲೆ ಮೀನಿನ ಬುಟ್ಟಿ ಹೊತ್ತುಕೊಂಡೇ ನಾಯಕಿ ಜಗಳವಾಡಬೇಕು ಅಂತ ಸ್ಕ್ರಿಪ್ಟ್‌ನಲ್ಲಿತ್ತು. ಒಂದು ಕೈ ಬುಟ್ಟಿಗೇ ಹೋದರೆ ಅರ್ಧ ಮಾತು ನುಂಗಿದ ಹಾಗೆ. ರಿಹರ್ಸಲ್‌ನಲ್ಲಿ ಅವರು ಸುಮ್ನೆ ನಾಲ್ಕು ಹೆಜ್ಜೆ ನಡೆದರು. ಬುಟ್ಟಿ ಇಳಿಸಿ ಧೊಪ್ಪನೆ ಮರಳಿಗಿಟ್ಟರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾಯಕನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದರು. ಆಮೇಲೆ ಶುರುವಾಯಿತು ನೋಡಿ ಬೈಗುಳ! ನಿರ್ದೇಶಕರು ಅದನ್ನೇ ಇಟ್ಟುಕೊಂಡರು.

ಮುಂದಿನ ಕಂತಿನಲ್ಲಿ ಕರೆಂಟು ಹೋದ ಮನೆಯಲ್ಲಿ ಇಬ್ಬರಿಗೂ ರಾಜಿ. ಕತ್ತಲಲ್ಲಿ ಮಾತಾಡುವುದು ಹೇಗೆ ಅಂತ ನಾಯಕಿ ಕೇಳಿದರು. ಡೈಲಾಗ್ ಬರೆಯುವವರು ತಕ್ಷಣ ನಾಯಕನ ಕೈಗೊಂದು ಲಾಟೀನು ಕೊಟ್ಟರು. ನಾಯಕಿ ಅಂದರು, "ಕೈಗೆ ಬೇಡ, ಮೊಳೆಗೆ ತೂಗುಹಾಕಿ. ಇಲ್ಲಾಂದ್ರೆ ಇವರು ಕ್ಷಮೆ ಕೇಳೋದು ಹೇಗೆ?"