ಆ ಪಾಸ್ಟರ್ ಹೇಳುವುದು ಸರಿಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಕ್ರೈಸ್ತ ಸಭೆಯಲ್ಲಿ ವೇದಪಾಠ, ಅಂದರೆ ಬೈಬಲ್ ಪಾಠ, ನಡೆಸುತ್ತೇನೆ ಎಂಬ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಭಾನುವಾರ ಆರಾಧನೆ ಮುಗಿದ ಮೇಲೆ ಗೇಟಿನ ಬಳಿ, ಮದುವೆ ಮನೆಯ ಊಟದ ಸಾಲಿನಲ್ಲಿ, ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೊದ ಬೆನ್ನಿಗೆ: "ಬ್ರದರ್, ಈ ಪಾಸ್ಟರ್ ಹೇಳುತ್ತಿರುವುದು ಸರಿಯೇ? ಇವರು ಸುಳ್ಳು ಬೋಧಕರೇ?" ಕೇಳುವವರಿಗೆ ಹೌದು ಅಥವಾ ಅಲ್ಲ ಎಂಬ ಒಂದು ಮಾತು ಬೇಕು. ನಾನು ಮಾತ್ರ ಮರುಪ್ರಶ್ನೆ ಹಾಕುತ್ತೇನೆ. ಅವರು ಯಾವ ವಚನ ಹಿಡಿದು ಮಾತನಾಡಿದರು? ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಬನ್ನಿ, ಆಮೇಲೆ ಕೂತು ಮಾತನಾಡೋಣ. ಜಾರಿಕೊಳ್ಳುತ್ತಿದ್ದೇನೆ ಎಂದು ಹಲವರು ಬೇಸರಪಟ್ಟುಕೊಂಡಿದ್ದಾರೆ. ಆದರೆ ನನ್ನ ಉತ್ತರವೇ ಅದು.

ಮೊದಲೇ ಒಂದು ಮಾತು. ನಮಗಿಂತ ಬೇರೆ ರೀತಿಯಲ್ಲಿ ಆರಾಧಿಸುವವರೆಲ್ಲ ಸುಳ್ಳು ಬೋಧಕರಲ್ಲ. ಕೂಸಿಗೆ ದೀಕ್ಷಾಸ್ನಾನ ಕೊಡಬೇಕೇ, ದೊಡ್ಡವರಾದ ಮೇಲೆ ನೀರಿನಲ್ಲಿ ಮುಳುಗಿಸಬೇಕೇ ಎಂಬ ವಾದ ನೂರಾರು ವರ್ಷಗಳಿಂದ ನಡೆದಿದೆ, ಮುಂದೆಯೂ ನಡೆಯುತ್ತದೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಎಂಬ ಬೇರೆ ಬೇರೆ ಪಂಗಡಗಳವರು ಕೂಡಿ ದಕ್ಷಿಣ ಇಂಡಿಯಾ ಸಭೆ (ಸಿಎಸ್ಐ) ಆದರು. ಭಿನ್ನಾಭಿಪ್ರಾಯವೆಲ್ಲ ದುರುಪದೇಶವೇ ಆಗಿದ್ದರೆ ಅಂಥ ಕೂಡಿಕೆ ಸಾಧ್ಯವಿತ್ತೇ? ಚಪ್ಪಾಳೆ ತಟ್ಟಿ ಹಾಡುವವರ ಮೇಲೆ ನಮ್ಮ ಹಿರಿಯರಿಗಿರುವ ಸಿಟ್ಟು ಬಹುಪಾಲು ಕಿವಿಯ ಸಿಟ್ಟು, ಅಷ್ಟೇ.

ಇನ್ನು ವಚನದ ವಿಷಯ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಹಂಚುವ ರೂಢಿ ಬೆಂಗಳೂರಿನ ಅನೇಕ ಸಭೆಗಳಲ್ಲಿದೆ. ಆ ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಫ್ರಿಜ್ಜಿನ ಬಾಗಿಲಿನ ಮೇಲೆ ತಪ್ಪದೆ ಕಾಣುವ ವಚನ ಬೈಬಲಿನ ಯೆರೆಮೀಯ ಪುಸ್ತಕದ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಯಲ್ಲ, ಹಿತದ ಯೋಚನೆ ಎಂದು ದೇವರು ಹೇಳುವ ಮಾತು ಅದು. ವೇದಿಕೆಯ ಮೇಲೆ ಅದನ್ನು ಓದಿ, "ಈ ವರ್ಷವೇ ನಿಮಗೆ ಸ್ವಂತ ಮನೆ, ಈ ವರ್ಷವೇ ವೀಸಾ" ಎಂದು ಘೋಷಿಸುತ್ತಾರೆ. ಜನ ಆಮೆನ್ ಎನ್ನುತ್ತಾರೆ.

ಅದರ ಹಿಂದಿನ ವಚನವನ್ನು ಓದಿ. ಎಪ್ಪತ್ತು ವರ್ಷ ಕಳೆದ ಮೇಲೆ, ಎಂದಿದೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದನ್ನು ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಊರಿಗೆ ಮರಳದೆ ಅಲ್ಲಿಯೇ ಸಾಯಬೇಕಾದವರು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅವರಿಗೆ ಹೇಳಿದೆ. ಇನ್ನೂ ಸ್ವಲ್ಪ ಮೇಲೆ, ಎಂಟನೆಯ ವಚನದಲ್ಲಿ, ನಿಮ್ಮ ನಡುವಿನ ಪ್ರವಾದಿಗಳಿಗೆ ಮೋಸಹೋಗಬೇಡಿ ಎಂಬ ಎಚ್ಚರಿಕೆಯಿದೆ. ಕಾರ್ಡಿನಲ್ಲಿ ಅಚ್ಚಾಗುವ ವಚನಕ್ಕೂ ಆ ಎಚ್ಚರಿಕೆಗೂ ನಡುವೆ ಇರುವುದು ಎರಡೇ ವಚನ.

ಆ ಪ್ರವಾದಿಗಳು ಎಂಥವರೆಂದು ತಿಳಿಯಲು ಒಂದು ಅಧ್ಯಾಯ ಹಿಂದಕ್ಕೆ ಹೋಗಬೇಕು. ಅಲ್ಲಿ ಹನನ್ಯನಿದ್ದಾನೆ. ಅವನು ಹೊರಗಿನವನಲ್ಲ, ಬೇರೆ ದೇವರ ಹೆಸರು ಎತ್ತಿದವನೂ ಅಲ್ಲ. ದೇವಾಲಯದಲ್ಲಿ, ಯಾಜಕರ ಎದುರಿಗೆ, ಯೆಹೋವನ ಹೆಸರಿನಲ್ಲಿಯೇ ಮಾತನಾಡುತ್ತಾನೆ. ಎರಡೇ ವರ್ಷ, ಬಾಬಿಲೋನಿನ ನೊಗ ಮುರಿಯುತ್ತದೆ, ಸೆರೆ ಹೋದವರೆಲ್ಲ ಹಿಂದಿರುಗುತ್ತಾರೆ ಎನ್ನುತ್ತಾನೆ. ನನಗೆ ಬಹಳ ಹಿಡಿಸುವುದು ಯೆರೆಮೀಯನ ಮೊದಲ ಪ್ರತಿಕ್ರಿಯೆ. ಅವನು ಜಗಳಕ್ಕೆ ನಿಲ್ಲುವುದಿಲ್ಲ. ಆಮೆನ್, ಹಾಗೆಯೇ ಆಗಲಿ ಎನ್ನುತ್ತಾನೆ. ಒಳ್ಳೆಯ ಸುದ್ದಿ ಯಾರಿಗೆ ಬೇಡ? ಆಮೇಲೆ, ಸಮಾಧಾನವನ್ನು ಸಾರಿದ ಪ್ರವಾದಿಯನ್ನು ಅವನ ಮಾತು ನೆರವೇರಿದಾಗ ನಂಬಬಹುದು ಎಂದು ಸೇರಿಸುತ್ತಾನೆ. ಬಾಬಿಲೋನಿಗೆ ತಲೆಬಾಗಿ ಎಂಬುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯ ಕಿತ್ತು ಮುರಿಯುತ್ತಾನೆ. ಜನರ ಮುಂದೆ ಅದು ಎಂಥ ದೃಶ್ಯವಾಗಿರಬೇಕು! ಈಗಿನ ಕಾಲವಾಗಿದ್ದರೆ ಸಂಜೆಯೊಳಗೆ ವಿಡಿಯೊ ಊರೆಲ್ಲ ಸುತ್ತುತ್ತಿತ್ತು. ಯೆರೆಮೀಯ ಸುಮ್ಮನೆ ಎದ್ದು ಹೊರಟುಹೋಗುತ್ತಾನೆ. ಹತ್ತು ವರ್ಷದೊಳಗೆ ಯೆರೂಸಲೇಮ್ ಸುಟ್ಟು ಬೂದಿಯಾಯಿತು.

ಎಪ್ಪತ್ತನ್ನು ಎರಡು ಮಾಡುವುದು. ನಾನು ಕಂಡ ದುರುಪದೇಶದಲ್ಲಿ ಮುಕ್ಕಾಲು ಪಾಲು ಇಷ್ಟೇ. ದೇವರು ಇಲ್ಲ ಎಂದು ಯಾರೂ ಬೋಧಿಸುವುದಿಲ್ಲ. ಕಾಯಬೇಕಾಗಿಲ್ಲ, ನೋಯಬೇಕಾಗಿಲ್ಲ ಎಂದು ಬೋಧಿಸುತ್ತಾರೆ.

ಎರಡು ವರ್ಷ ಕಳೆದೂ ನೊಗ ಮುರಿಯದಿದ್ದಾಗ ತಪ್ಪು ಯಾರದು ಎನ್ನುತ್ತಾರೆ, ಅದನ್ನು ಗಮನಿಸಿ. ನಮ್ಮ ಪರಿಚಯದ ಒಬ್ಬ ತಾಯಿ, ಒಂದು ಸ್ವಸ್ಥತೆಯ ಕೂಟದಿಂದ ಬಂದವರು, ಶುಗರ್ ಮಾತ್ರೆ ನಿಲ್ಲಿಸಿದರು. ಮಾತ್ರೆ ನುಂಗಿದರೆ ಅಪನಂಬಿಕೆಯಾಗುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ಕಾಲಿನ ಹುಣ್ಣು ಕೆರಳಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ತಲೆದಿಂಬಿನ ಪಕ್ಕದಲ್ಲಿ ಕೂಟದಲ್ಲಿ ಕೊಟ್ಟಿದ್ದ ಎಣ್ಣೆಯ ಪುಟ್ಟ ಬಾಟಲಿ ಇತ್ತು. ಅವರು ಹೇಳಿದ್ದು ಒಂದೇ ಮಾತು: "ನನ್ನ ನಂಬಿಕೆಯೇ ಸಾಲದೆ ಹೋಯಿತು, ಬ್ರದರ್." ಕಾಯಿಲೆಯ ಮೇಲೆ ಅಪರಾಧದ ಹೊರೆಯನ್ನೂ ಹೇರಿ ಕಳುಹಿಸಿದ್ದರು. ಹೊಸ ಒಡಂಬಡಿಕೆಯ ಪತ್ರಗಳನ್ನು ಬರೆದ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯವನಾಗಿಯೇ ಮಿಲೇತದಲ್ಲಿ ಬಿಟ್ಟುಬಂದ. ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ತನ್ನ ಶರೀರದ ಮುಳ್ಳು ತೊಲಗಲಿ ಎಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಅವನ ಜೊತೆಯಲ್ಲಿದ್ದ ಲೂಕ ವೈದ್ಯ. ಇವರಿಗೆಲ್ಲ ನಂಬಿಕೆ ಸಾಲದೆ ಹೋಯಿತೇ?

ಹಣದ ಮಾತಿಗೆ ಬರೋಣ. ಒಬ್ಬರು ತಂದು ತೋರಿಸಿದ ಕಾಣಿಕೆಯ ಲಕೋಟೆ ನನ್ನ ಮೇಜಿನ ಮೇಲಿದೆ. ಹೆಸರು, ಮೊಬೈಲ್ ಸಂಖ್ಯೆ, ಕೆಲಸ, ಸಂತಾನ, ವೀಸಾ, ಸ್ವಂತ ಮನೆ ಎಂದು ಗುರುತು ಹಾಕಲು ಸಾಲಾಗಿ ಚೌಕಗಳು, ಕೆಳಗೆ "ಬಿತ್ತುವ ಮೊತ್ತ". ಮೂಲೆಯಲ್ಲಿ ಕ್ಯೂಆರ್ ಕೋಡ್. ಹೊಟೇಲಿನಲ್ಲಿ ಆರ್ಡರ್ ಬರೆದುಕೊಳ್ಳುವ ಚೀಟಿ ಕೂಡ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಮೇಲ್ಭಾಗದಲ್ಲಿ ಮಲಾಕಿಯ 3:10, ದಶಮಾಂಶವನ್ನು, ಅಂದರೆ ಹತ್ತನೆಯ ಒಂದು ಪಾಲನ್ನು, ಭಂಡಾರಕ್ಕೆ ತನ್ನಿರಿ ಎಂಬ ವಚನ. ಅದೇ ಮಲಾಕಿಯ ಮೊದಲೆರಡು ಅಧ್ಯಾಯಗಳಲ್ಲಿ ಬೈದಿರುವುದು ಯಾಜಕರನ್ನು. ಅದೇ ಮೂರನೆಯ ಅಧ್ಯಾಯದ ಐದನೆಯ ವಚನದಲ್ಲಿ ಕೂಲಿಯವನ ಕೂಲಿ ತಿನ್ನುವವರ, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುತ್ತಾನೆ. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಿನಲ್ಲಿಯೇ ಇಟ್ಟು ದೇವಾಲಯದ ಸೇವೆಯ ಲೇವಿಯರೂ ಪರದೇಶಿಗಳೂ ಅನಾಥರೂ ವಿಧವೆಯರೂ ಉಂಡು ತೃಪ್ತರಾಗಲಿ ಎಂದು ಬೈಬಲಿನ ಧರ್ಮೋಪದೇಶಕಾಂಡ ವಿಧಿಸಿದೆ. ಲಕೋಟೆಯಲ್ಲಿ ವಿಧವೆಗೆ ಚೌಕವಿಲ್ಲ.

ಇದು ಹೊಸ ರೋಗವೇನಲ್ಲ. ದಿದಖೆ ಎಂಬ ಬಹು ಹಳೆಯ ಕ್ರೈಸ್ತ ಕೈಪಿಡಿಯೊಂದಿದೆ. ಅದರ ಗ್ರೀಕ್ ಪ್ರತಿ 1873ರಲ್ಲಿ ಇಸ್ತಾಂಬುಲಿನಲ್ಲಿ ಸಿಕ್ಕಿತು. ಊರೂರು ತಿರುಗುವ ಪ್ರವಾದಿ ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ, ಹಣ ಕೇಳಿದರೂ ಸುಳ್ಳು ಪ್ರವಾದಿ, ಆದರೆ ಇಲ್ಲದವರಿಗಾಗಿ ಕೇಳಿದರೆ ಅವನನ್ನು ಯಾರೂ ದೂಷಿಸಬಾರದು ಎಂದು ಅದರಲ್ಲಿದೆ. ಎಷ್ಟು ನೇರ ಮಾತು!

ಇಷ್ಟೆಲ್ಲ ಕೇಳಿದವರು ಕೊನೆಗೆ ಅಳುಕುತ್ತಾ ಹೇಳುವುದು: "ಆದರೆ ದೇವರು ಆರಿಸಿಕೊಂಡ ಅಭಿಷಿಕ್ತರನ್ನು ಮುಟ್ಟಬಾರದು ಎಂದಿದೆಯಲ್ಲ." ಕೀರ್ತನೆ 105ರ ಮಾತು. ಅದನ್ನೂ ಮೇಲಿನಿಂದ ಓದಬೇಕು. ಅಲ್ಲಿ ಅಭಿಷಿಕ್ತರು ಎಂದರೆ ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮನ ಮನೆಯವರು, ಬೆರಳೆಣಿಕೆಯ ಮಂದಿ. ಎಚ್ಚರಿಕೆ ಕೊಟ್ಟಿದ್ದು ಅರಸರಿಗೆ. ಇಂದು ಅದೇ ವಚನವನ್ನು ವೇದಿಕೆಯ ಮೇಲಿರುವವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವರ ಬಾಯಿ ಮುಚ್ಚಿಸಲು ಬಳಸುತ್ತಾರೆ.

ಹಾಗೆಂದು ನಮ್ಮ ಹಳೆಯ ಸಭೆಗಳಿಗೆ ಬೀಗುವ ಹಕ್ಕಿಲ್ಲ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ, ಮಲ್ಲೇಶ್ವರದಲ್ಲಿ ಪಾದ್ರಿಗಳನ್ನು ತಯಾರುಮಾಡುವ ಸಂತ ಪೇತ್ರರ ಗುರುಮಠವಿದೆ. ಇಷ್ಟು ವಿದ್ವಾಂಸರಿರುವ ಊರಿನಲ್ಲಿ ಜನ ಅಧ್ಯಾಯ ಓದದೆ ಒಂದೇ ವಚನಕ್ಕೆ ಜೋತುಬೀಳುತ್ತಾರೆಂದರೆ ದೀಪದ ಬುಡದಲ್ಲಿ ಕತ್ತಲೆ. ಯಾಕೋಬನು ಪಕ್ಷಪಾತ ಮಾಡಬೇಡಿ ಎಂದು ಬರೆದ ಪತ್ರವನ್ನು ಭಾನುವಾರ ಓದಿ, ಸೋಮವಾರ ಮಗಳ ಸಂಬಂಧಕ್ಕೆ ಜಾತಿ ವಿಚಾರಿಸುವುದೂ ದುರುಪದೇಶವೇ, ಬಾಯಲ್ಲಿ ಹೇಳುವುದಿಲ್ಲ ಅಷ್ಟೇ. ಆ ಶುಗರ್ ಕಾಯಿಲೆಯ ತಾಯಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ನಡೆಯುವ ಆ ಸ್ವಸ್ಥತೆಯ ಕೂಟಕ್ಕೆ ಹೋಗಿದ್ದು ಬೋಧನೆ ಕೇಳಿಯಲ್ಲ. ಗಂಡ ತೀರಿಕೊಂಡ ಮೇಲೆ ವಾರದ ನಡುವೆ ಫೋನ್ ಮಾಡಿ ಊಟವಾಯಿತೇ ಎಂದು ಕೇಳಿದವರು ಅಲ್ಲಿನವರು ಮಾತ್ರ.

ಆದ್ದರಿಂದ ಆ ಸಭೆ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಾತ್ರೆ ಮಾತ್ರ ಬಿಡಬೇಡಿ ಎನ್ನುತ್ತೇನೆ. ಅಧ್ಯಾಯ ಪೂರ್ತಿ ಓದಿಕೊಂಡು, ಅನುಮಾನವನ್ನು ಆ ಪಾಸ್ಟರ್ ಬಳಿಗೇ ಒಯ್ಯಿರಿ ಎನ್ನುತ್ತೇನೆ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ದಿನವೂ ಶಾಸ್ತ್ರದಲ್ಲಿ ಪರೀಕ್ಷಿಸಿ ನೋಡಿದರು, ಅದಕ್ಕಾಗಿ ಹೊಗಳಿಸಿಕೊಂಡರು. ಹಾಗೆ ಹೋಗಿ ಕೇಳಿದ ಕೆಲವರನ್ನು ಅವರ ಪಾಸ್ಟರ್ ಕೂರಿಸಿ, ಬೈಬಲ್ ತೆರೆದು ಗಂಟೆಗಟ್ಟಲೆ ಮಾತನಾಡಿದ್ದಾರೆ. ಅವರು ಇಂದಿಗೂ ಅಲ್ಲಿಗೇ ಹೋಗುತ್ತಾರೆ, ನನಗೇನೂ ತಕರಾರಿಲ್ಲ. ಇನ್ನು ಕೆಲವರನ್ನು ಮರುದಿನ ಬೆಳಗಾಗುವಷ್ಟರಲ್ಲಿ ಸಭೆಯ ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದರು.