ಸ್ಯಾಮ್ ಮಿಲ್ಸ್ ಮತ್ತು ನಮ್ಮ ಚಿಕ್ಕಪ್ಪ

ಹೋದ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದ್ದೆವು. ಅಣ್ಣ ನನ್ನ ಮಗನನ್ನು ನೋಡಿದವನೇ, "ಏನೋ, ಇನ್ನೂ ಅಷ್ಟೇ ಇದೀಯಲ್ಲೋ! ಊಟ ಸರಿಯಾಗಿ ಮಾಡ್ತಿಲ್ವಾ? ಹಿಂಗೇ ಆದ್ರೆ ಕುಳ್ಳ ಆಗ್ತೀಯ ನೋಡು" ಅಂದ. ಪ್ರೀತಿಯಿಂದಲೇ ಅಂದಿದ್ದು. ಆದರೂ ನನಗೆ ಚುರುಕ್ ಅಂತು. ಮಗ ಮಾತ್ರ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. "ಸ್ಯಾಮ್ ಮಿಲ್ಸ್ ಕೂಡ ಕುಳ್ಳಾನೇ ದೊಡ್ಡಪ್ಪ. ಅವರ ಸ್ಟ್ಯಾಚ್ಯೂ ನಮ್ಮ ಸ್ಟೇಡಿಯಂ ಹೊರಗಡೆ ಇದೆ" ಅಂದ. ಅಣ್ಣನಿಗೆ ಅದ್ಯಾರು ಅಂತ ಗೊತ್ತಿಲ್ಲ. "ಹೌದಾ, ಸರಿ ಸರಿ, ಹಾಲು ಕುಡಿ" ಅಂದು ಮಾತು ಬದಲಾಯಿಸಿದ.

ಮಗನ ಮಾತು ನನ್ನ ತಲೆಯಲ್ಲೇ ಉಳಿಯಿತು. ನಾವಿರುವ ಅಮೆರಿಕದ ಶಾರ್ಲೆಟ್ ಊರಲ್ಲಿ ಮಿಲ್ಸ್ ಹೆಸರು ಕೇಳದ ಮಕ್ಕಳು ಕಡಿಮೆ. ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಂಥರ್ಸ್‌ನಲ್ಲಿ ಲೈನ್‌ಬ್ಯಾಕರ್ ಆಗಿದ್ದವರು ಅವರು. ಲೈನ್‌ಬ್ಯಾಕರ್ ಅಂದರೆ ತಡೆಯುವವರ ಮೊದಲ ಸಾಲಿನ ಹಿಂದೆ ನಿಂತು, ಚೆಂಡು ಎತ್ತ ಹೋಗುತ್ತೆ ಅಂತ ಕಣ್ಣಲ್ಲೇ ಲೆಕ್ಕ ಹಾಕಿ, ನುಗ್ಗಿ ಬರುವವನನ್ನು ಕೆಡವುವ ಆಟಗಾರ. ಈ ಜಾಗಕ್ಕೆ 6 ಅಡಿಗಿಂತ ಎತ್ತರದ ಆಳುಗಳನ್ನೇ ಹುಡುಕುತ್ತಾರೆ. ಮಿಲ್ಸ್ ಇದ್ದದ್ದು 5 ಅಡಿ 9 ಇಂಚು. ನಮ್ಮೂರಲ್ಲಾದರೆ ಅದು ಒಳ್ಳೆಯ ಎತ್ತರವೇ, ಅಲ್ವಾ?

ನ್ಯೂಜೆರ್ಸಿಯ ಹುಡುಗ. ಓದಿದ್ದು ಮಾಂಟ್‌ಕ್ಲೇರ್ ಸ್ಟೇಟ್ ಅನ್ನುವ ಕಾಲೇಜಿನಲ್ಲಿ. ಅಲ್ಲಿ ಎಷ್ಟು ಚೆನ್ನಾಗಿ ಆಡಿದರೂ, ಇಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಕರೆಯಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಪರೀಕ್ಷೆಗೆ ಕರೆದು ವಾಪಸ್ ಕಳಿಸಿತು. ಮರುವರ್ಷ ಕೆನಡಾದ ಟೊರಾಂಟೊ ತಂಡದ್ದೂ ಅದೇ ಕಥೆ. ಈಸ್ಟ್ ಆರೆಂಜ್ ಅನ್ನುವ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಫೋಟೋಗ್ರಫಿ ಹೇಳಿಕೊಡುವ ಮೇಷ್ಟ್ರಾದರು.

ಬಹಳ ಜನರ ಕಥೆ ಇಲ್ಲಿಗೇ ಮುಗಿದುಹೋಗುತ್ತದೆ. ಮಿಲ್ಸ್ ಕಥೆ ಮುಗಿಯಲಿಲ್ಲ, ಯಾಕಂದರೆ 1983ರಲ್ಲಿ ಯುಎಸ್‌ಎಫ್‌ಎಲ್ ಅಂತ ಇನ್ನೊಂದು ಲೀಗ್ ಶುರುವಾಯಿತು. ಅವರನ್ನು ಕೈಬಿಟ್ಟಿದ್ದ ಕ್ಲೀವ್‌ಲ್ಯಾಂಡ್ ಕೋಚ್ ಸ್ಯಾಮ್ ರುಟಿಗ್ಲಿಯಾನೋ ಅವರೇ ಆ ಹೊಸ ಲೀಗ್‌ನ ಫಿಲಡೆಲ್ಫಿಯಾ ಸ್ಟಾರ್ಸ್ ತಂಡದವರಿಗೆ ಇವರ ಬಗ್ಗೆ ಹೇಳಿದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಬೇಡ ಅಂದವನೇ ಇನ್ನೊಂದು ಬಾಗಿಲು ತೋರಿಸಿದ. ಆ ಲೀಗ್ ಬದುಕಿದ್ದು ಮೂರೇ ಸೀಸನ್. ಅಷ್ಟರಲ್ಲಿ ಸ್ಟಾರ್ಸ್ ಎರಡು ಸಲ ಚಾಂಪಿಯನ್ ಆಯಿತು. ಸ್ಟಾರ್ಸ್ ಕೋಚ್ ಜಿಮ್ ಮೋರಾ 1986ರಲ್ಲಿ ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಹೋದಾಗ ಮಿಲ್ಸ್ ಕೂಡ ಜೊತೆಗೆ ಹೋದರು. ಅಲ್ಲಿಯವರೆಗೆ ಸೋಲಿಗಿಂತ ಗೆಲುವು ಜಾಸ್ತಿ ಇರುವ ಒಂದು ಸೀಸನ್ ಕೂಡ ಸೇಂಟ್ಸ್ ಕಂಡಿರಲಿಲ್ಲ. 1987ರಲ್ಲಿ ಕಂಡಿತು.

1995ರಲ್ಲಿ ಹೊಸದಾಗಿ ಹುಟ್ಟಿದ ನಮ್ಮ ಪ್ಯಾಂಥರ್ಸ್‌ಗೆ ಬಂದಾಗ ಅವರಿಗೆ 36 ದಾಟುತ್ತಿತ್ತು. ತಂಡ ಮೊದಲ ಐದೂ ಪಂದ್ಯ ಸೋತಿತ್ತು. ಆರನೆಯದು ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಜೆಟ್ಸ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಹತ್ತಿರದಲ್ಲೇ ಇದ್ದವನಿಗೆ ಚೆಂಡನ್ನು ಮೆಲ್ಲಗೆ ತಳ್ಳಿದ. ಮಧ್ಯೆ ಮಿಲ್ಸ್ ಕೈ ಬಂತು. ಚೆಂಡು ಹಿಡಿದವರೇ 36 ಗಜ ಓಡಿ ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. 26-15. ಪ್ಯಾಂಥರ್ಸ್‌ನ ಮೊಟ್ಟಮೊದಲ ಗೆಲುವು ಅದು. ಮಗ ಆ ವಿಡಿಯೋನ ಮತ್ತೆ ಮತ್ತೆ ಹಾಕಿ ನೋಡುತ್ತಾನೆ.

ಅದನ್ನು ನೋಡುವಾಗಲೆಲ್ಲ ನನಗೆ ನಮ್ಮ ಚಿಕ್ಕಪ್ಪ ನೆನಪಾಗುತ್ತಾರೆ. ಮಂಡ್ಯ ಕಡೆಯ ನಮ್ಮೂರ ಕಬಡ್ಡಿ ತಂಡದಲ್ಲಿ ಮೂಲೆ ಕಾಯುತ್ತಿದ್ದವರು. ಊರಹಬ್ಬದ ಟೂರ್ನಿಯಲ್ಲಿ, ಟ್ಯೂಬ್‌ಲೈಟ್ ಬೆಳಕಲ್ಲಿ, ಆರಡಿ ರೈಡರ್‌ಗಳು ಬಂದು ಅವರ ತಲೆ ಮೇಲೆ ಕೈ ಆಡಿಸುತ್ತಿದ್ದರು. ಚಿಕ್ಕಪ್ಪ ಕದಲುತ್ತಿರಲಿಲ್ಲ. ಬಗ್ಗಿ, ಎರಡೂ ಅಂಗೈ ಮಣ್ಣಿಗೆ ಹತ್ತಿರ ಇಟ್ಟುಕೊಂಡು, ರೈಡರ್ ಹಿಮ್ಮಡಿಯನ್ನೇ ನೋಡುತ್ತಿದ್ದರು. ಹಿಮ್ಮಡಿ ಒಂಚೂರು ಎದ್ದರೆ ಸಾಕು, ಕಾಲು ಅವರ ಕೈಯಲ್ಲಿ. ಕುಳ್ಳಗಿದ್ದದ್ದೇ ಅವರಿಗೆ ಅನುಕೂಲ.

ಆಗ ಕಬಡ್ಡಿ ಆಡುವ ಹಳ್ಳಿ ಹುಡುಗರಿಗೆ ಇದ್ದದ್ದು ಒಂದೇ ದಾರಿ, ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ. ಒಂದು ಇಲಾಖೆಯ ಸೆಲೆಕ್ಷನ್‌ಗೆ ಹೋದರು. ಅಂಕಣಕ್ಕೆ ಇಳಿಸುವ ಮೊದಲೇ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಒಂದು ಬೆರಳು ಕಡಿಮೆ ಬಂತು. ಆಟ ನೋಡಲೇ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜ, "ಆಟ ಹೊಟ್ಟೆ ತುಂಬಿಸಲ್ಲ, ನಾಳೆಯಿಂದ ಕಬ್ಬಿನ ಗದ್ದೆ ನೋಡ್ಕೊ" ಅಂದರು. ಚಿಕ್ಕಪ್ಪ ಎದುರಾಡಲಿಲ್ಲ. ಪ್ರೊ ಕಬಡ್ಡಿ ಬಂದದ್ದು 2014ರಲ್ಲಿ. ಅಷ್ಟೊತ್ತಿಗೆ ಅವರ ಮಂಡಿ ಹೋಗಿತ್ತು.

ಅಮೆರಿಕದವರು ಎಲ್ಲರಿಗೂ ನ್ಯಾಯ ಮಾಡುತ್ತಾರೆ ಅಂತ ನಾನು ಹೇಳಲ್ಲ. ಮಿಲ್ಸ್ 1997ರ ಸೀಸನ್ ಮುಗಿಸಿ ನಿವೃತ್ತರಾದರು. ಪ್ಯಾಂಥರ್ಸ್‌ನವರು ಅವರ 51ನೇ ನಂಬರನ್ನು ಮತ್ತೆ ಯಾರಿಗೂ ಕೊಟ್ಟಿಲ್ಲ. ಅದೇ ತಂಡದ ಸಹಾಯಕ ಕೋಚ್ ಆಗಿದ್ದಾಗ, 2003ರಲ್ಲಿ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆ ತಗೊಳ್ಳುತ್ತಲೇ ಕೆಲಸಕ್ಕೆ ಬಂದರು. ಡಲ್ಲಾಸ್ ತಂಡದ ಜೊತೆಗಿನ ಪ್ಲೇಆಫ್ ಪಂದ್ಯಕ್ಕೆ ಮುಂಚೆ ಆಟಗಾರರಿಗೆ ಅವರು ಹೇಳಿದ "ಕೀಪ್ ಪೌಂಡಿಂಗ್" (ಬಿಡದೆ ಹೊಡೆಯುತ್ತಲೇ ಇರಿ) ಅನ್ನುವ ಮಾತನ್ನು ಈಗಲೂ ಇಲ್ಲಿ ಪ್ರತಿ ಪಂದ್ಯಕ್ಕೆ ಮೊದಲು ದೊಡ್ಡ ಡ್ರಮ್ ಬಾರಿಸಿ ಕೂಗುತ್ತಾರೆ. 2005ರಲ್ಲಿ, 45ನೇ ವಯಸ್ಸಿಗೆ ತೀರಿಹೋದರು. ಕ್ಯಾಂಟನ್ ಊರಿನಲ್ಲಿರುವ, ಫುಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2022ರಲ್ಲಿ, ಅದೂ ಆಯ್ಕೆಗೆ ಉಳಿದಿದ್ದ ಕೊನೆಯ ವರ್ಷದಲ್ಲಿ. ವೇದಿಕೆ ಮೇಲೆ ಮಾತಾಡಿದ್ದು ಅವರ ಹೆಂಡತಿ ಮೆಲನಿ. ಬದುಕಿದ್ದಾಗಲೇ ಕೊಟ್ಟಿದ್ದರೆ ಏನಾಗುತ್ತಿತ್ತು?

ಮೊನ್ನೆ ಆ ಜೆಟ್ಸ್ ಪಂದ್ಯದ ವಿಡಿಯೋನ ಚಿಕ್ಕಪ್ಪನಿಗೂ ಕಳಿಸಿದೆ. ರಾತ್ರಿಯೇ ಫೋನ್ ಬಂತು. "ಮಂಡಿ ಎಷ್ಟು ಬಗ್ಗಿಸಿದಾನೆ ನೋಡಿದ್ಯೇನ್ಲಾ? ಅದೇ ಬೇಕಾಗಿರೋದು" ಅಂದರು. ಆಮೇಲೆ, "ಮೇಷ್ಟ್ರು ಕೆಲಸ ಬಿಟ್ಟು ಆಟಕ್ಕೆ ಹೋಗ್ತೀನಿ ಅಂದಾಗ ಮನೇಲಿ ಏನಂದ್ರಂತೆ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಇದ್ದ ಒಂದೇ ಬಾಗಿಲು ಮುಚ್ಚಿದ ಮೇಲೆ ಅವರು ಇನ್ನೇನು ಹೇಳಬೇಕಿತ್ತು? ಅಣ್ಣನಿಗೆ ಮಾತ್ರ ಈ ಸಲ ನೇರವಾಗಿ ಹೇಳುತ್ತೇನೆ. ಹುಡುಗ ಎಷ್ಟು ಬೇಕಾದರೂ ಬೆಳೆಯಲಿ, ಫೋನಿನಲ್ಲಿ ಅವನನ್ನು ಅಳೆಯುವುದನ್ನು ನಿಲ್ಲಿಸು. ಬೇಕಿದ್ದರೆ ಅವನ ಆಟದ ಬಗ್ಗೆ ಕೇಳು, ಗಂಟೆಗಟ್ಟಲೆ ಹೇಳುತ್ತಾನೆ.