ರಾಜಸ್ಥಾನಕ್ಕೆ ಹೊರಟವರಿಗೆ ಯಾವ ಪುಸ್ತಕ?

ಡಿಸೆಂಬರ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು. "ರಾಜಸ್ಥಾನ ಟೂರ್ ಹೊರಟಿದ್ದೀವಿ, ಹೋಗೋ ಮುಂಚೆ ಓದೋಕೆ ಒಂದು ಪುಸ್ತಕ ಹೇಳಿ." ಇಷ್ಟೇ ಆಗಿದ್ದರೆ ಖುಷಿಯಾಗಿ ಹೇಳುತ್ತಿದ್ದೆ. ಅದಕ್ಕೊಂದು ಬಾಲ ಇರುತ್ತದೆ: "ಸಣ್ಣದಿರಲಿ. ರಾಜರು, ಕೋಟೆ, ಯುದ್ಧ ಎಲ್ಲಾ ಬರಲಿ."

ನನ್ನ ಉತ್ತರ: ರಾಜರಿಂದ ಶುರು ಮಾಡಬೇಡಿ, ನೀರಿನಿಂದ ಶುರು ಮಾಡಿ. ಅನುಪಮ್ ಮಿಶ್ರ ಹಿಂದಿಯಲ್ಲಿ ಬರೆದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಓದಿ. ಆಮೇಲೆ ರಾಜಸ್ಥಾನಿ ಕತೆಗಾರ ವಿಜಯದಾನ್ ದೇಥಾ ಅವರ ಕತೆಗಳನ್ನು ಓದಿ. ಕೋಟೆಗಳನ್ನು ಗೈಡ್ ಹೇಗೂ ತೋರಿಸುತ್ತಾನೆ.

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯವರಿಗೂ ಇದನ್ನೇ ಹೇಳಿದೆ. "ಮರುಭೂಮಿಗೆ ಹೋಗೋರಿಗೆ ನೀರಿನ ಪುಸ್ತಕಾನಾ? ಅಲ್ಲಿ ನೀರೇ ಇಲ್ವಲ್ಲ ಸರ್!" ಎಂದು ನಕ್ಕರು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಮಜ್ಜಿಗೆ ಬರುವವರೆಗೂ ಬಿಡದೆ ಅವರಿಗೆ ಆ ಪುಸ್ತಕದಲ್ಲಿ ಬರುವ ಕುಂಯಿ ಎಂಬ ಬಾವಿಯ ವಿಷಯ ಹೇಳಿದೆ. ನಿಮಗೂ ಹೇಳುತ್ತೇನೆ.

ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳುವ ಮಳೆ 16 ಸೆಂಟಿಮೀಟರ್ ಆಸುಪಾಸು. ಆಳದಲ್ಲಿ ಸಿಗುವ ನೀರು ಬಹಳ ಕಡೆ ಉಪ್ಪು. ಆದರೆ ಕೆಲವು ಜಾಗಗಳಲ್ಲಿ ಮರಳಿನ ಕೆಳಗೆ ಜಿಪ್ಸಮ್ ಪದರ ಇದೆ. ಮರಳಲ್ಲಿ ಇಂಗಿದ ಮಳೆನೀರನ್ನು ಅದು ತಡೆದು ನಿಲ್ಲಿಸುತ್ತದೆ, ಉಪ್ಪುನೀರಿಗೆ ಸೇರಲು ಬಿಡುವುದಿಲ್ಲ. ಆ ನೀರು ಮರಳಲ್ಲೇ ತೇವವಾಗಿ ಉಳಿಯುತ್ತದೆ. ಆ ತೇವವನ್ನು ಹನಿಹನಿಯಾಗಿ ಇಳಿಸಿಕೊಳ್ಳಲು ತೋಡುವ ಕಿರಿದಾದ ಬಾವಿಯೇ ಕುಂಯಿ. ಅಗಲ ನಾಲ್ಕೈದು ಮೊಳ, ಆಳ 30ರಿಂದ 60 ಮೊಳ. ಒಳಗೆ ಗುದ್ದಲಿ ಬೀಸಲು ಜಾಗ ಇಲ್ಲ. ಬಸೌಲಿ ಎಂಬ ಗಿಡ್ಡ ಹಿಡಿಯ ಹತಾರದಲ್ಲೇ ಅಗೆಯಬೇಕು. ಕೆಳಗೆ ಉಸಿರು ಕಟ್ಟುವ ಸೆಕೆ. ಮೇಲೆ ನಿಂತವರು ಆಗಾಗ ಹಿಡಿ ಹಿಡಿ ಮರಳನ್ನು ಜೋರಾಗಿ ಒಳಗೆ ಎಸೆಯುತ್ತಾರೆ. ಅದರ ರಭಸಕ್ಕೆ ಹೊಸ ಗಾಳಿ ಕೆಳಗಿಳಿಯುತ್ತದೆ, ಬಿಸಿಗಾಳಿ ಮೇಲೇರುತ್ತದೆ. ಆ ಮರಳಿನಿಂದ ತಲೆಗೆ ಪೆಟ್ಟಾಗದಿರಲಿ ಎಂದು ಅಗೆಯುವವನು ಲೋಹದ ಪಾತ್ರೆಯನ್ನೇ ಟೋಪಿಯ ಹಾಗೆ ಹಾಕಿಕೊಂಡಿರುತ್ತಾನೆ. ಇಷ್ಟೆಲ್ಲ ಪಾಡುಪಟ್ಟ ಮೇಲೆ ದಿನಕ್ಕೆ ಸಿಗುವುದು ಎರಡು ಮೂರು ಕೊಡ ಸಿಹಿನೀರು. ನೀರೇ ಇಲ್ಲ ಅಂತ ಯಾವ ಬಾಯಲ್ಲಿ ಹೇಳೋದು?

ಪಕ್ಕದ ಎಲೆಯವರು ಕೈ ತೊಳೆಯಲು ಎದ್ದರು. ಮತ್ತೆ ನನ್ನ ಹತ್ತಿರ ಬರಲಿಲ್ಲ.

ರಾಜರ ವಿಷಯ ಓದಲೇಬಾರದಾ? ಧಾರಾಳವಾಗಿ ಓದಿ. ಆದರೆ ಬರೆದವರು ಯಾರು ಅಂತ ನೋಡಿಕೊಳ್ಳಿ. ರಜಪೂತರ ಚರಿತ್ರೆ ಬರೆದ ಜೇಮ್ಸ್ ಟಾಡ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಚಿತ್ತೋರಿನ ರಾಣಿ ಪದ್ಮಿನಿಯ ಕತೆ ಹೇಳುವ ‘ಪದ್ಮಾವತ್’ ಕಾವ್ಯ ಹುಟ್ಟಿದ್ದು ದೂರದ ಅವಧ್‌ನಲ್ಲಿ, 1540ರ ಸುಮಾರಿಗೆ. ಚಿತ್ತೋರ್ ಕೋಟೆ ಖಿಲ್ಜಿಯ ಕೈಗೆ ಬಿದ್ದದ್ದು 1303ರಲ್ಲಿ!

ದೇಥಾ ಹಾಗಲ್ಲ. ಜೋಧಪುರದ ಕಡೆಯ ಬೋರುಂದಾ ಹಳ್ಳಿಯಲ್ಲೇ ಇದ್ದುಕೊಂಡು, ಊರವರ ಬಾಯಲ್ಲಿದ್ದ ಕತೆಗಳನ್ನು ರಾಜಸ್ಥಾನಿ ಭಾಷೆಯಲ್ಲಿ ಹೊಸದಾಗಿ ಬರೆದರು. ‘ಬಾತಾಂ ರೀ ಫುಲವಾಡಿ’ ಹೆಸರಲ್ಲಿ 14 ಸಂಪುಟ ಬಂದವು. ಹಿಂದಿ, ಇಂಗ್ಲಿಷ್ ಅನುವಾದಗಳು ಸಿಗುತ್ತವೆ. ಅವರ ‘ದುವಿಧಾ’ ಕತೆಯನ್ನು ಮಣಿ ಕೌಲ್ 1973ರಲ್ಲಿ ಸಿನಿಮಾ ಮಾಡಿದರು.

ಆ ಕತೆಯ ಬಗ್ಗೆ ಕನ್ನಡದವರು ನನ್ನನ್ನು ಒಂದು ಪ್ರಶ್ನೆ ಕೇಳಲಿ ಅಂತ ಎಷ್ಟು ಕಾಲದಿಂದ ಕಾಯುತ್ತಿದ್ದೇನೆ: "ಇದು ನಮ್ಮ ‘ನಾಗಮಂಡಲ’ದ ಹಾಗೇ ಇದೆ ಅಲ್ವಾ?" ಇದೆ! ಇಲ್ಲಿ ಗಂಡನ ರೂಪದಲ್ಲಿ ನಾಗ ಬರುತ್ತದೆ, ಅಲ್ಲಿ ದೆವ್ವ. ಆದರೆ ದೇಥಾರ ದೆವ್ವ ತಾನು ಯಾರೆಂದು ಆ ಹೆಣ್ಣಿಗೆ ಮೊದಲೇ ಹೇಳಿಬಿಡುತ್ತದೆ. ಮೋಸ ಮಾಡಲು ಅದಕ್ಕೆ ಮನಸ್ಸಾಗುವುದಿಲ್ಲ. ಅವಳು ಗೊತ್ತಿದ್ದೇ ಒಪ್ಪಿಕೊಳ್ಳುತ್ತಾಳೆ. ನಮ್ಮ ನಾಟಕದ ನಾಯಕಿ ರಾಣಿ ಹಾವು ಹಿಡಿದು ಆಣೆ ಮಾಡಿ ಗೆಲ್ಲುತ್ತಾಳೆ, ಜನ ಅವಳನ್ನು ದೇವತೆ ಅನ್ನುತ್ತಾರೆ. ‘ದುವಿಧಾ’ದಲ್ಲಿ ಆ ಹೆಣ್ಣಿನ ಮಾತು ಯಾರಿಗೂ ಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕ ಕುರಿ ಕಾಯುವವನು ನಿಜವಾದ ಗಂಡ ಯಾರೆಂದು ನ್ಯಾಯ ತೀರಿಸಿ, ದೆವ್ವವನ್ನು ನೀರಿನ ಚರ್ಮದ ಚೀಲಕ್ಕೆ ಇಳಿಸಿ ಬಾಯಿ ಕಟ್ಟುತ್ತಾನೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಂಡ ಹೋಗುವ ಜಾಗವೂ ಬೇರೆ. ನಮ್ಮ ರಾಣಿಯ ಗಂಡ ಅಪ್ಪಣ್ಣ ಹೋಗುವುದು ಸೂಳೆಯ ಮನೆಗೆ. ಅಲ್ಲಿಯವನು ಮದುವೆಯಾದ ಕೂಡಲೇ ಐದು ವರ್ಷ ವ್ಯಾಪಾರಕ್ಕೆ ಹೋಗುತ್ತಾನೆ. ಇದು ಬರೀ ಕಲ್ಪನೆ ಅಲ್ಲ. ಅಲ್ಲಿಯ ವ್ಯಾಪಾರಿಗಳು ಹೀಗೇ ಮನೆ ಬಿಟ್ಟು ಕಲ್ಕತ್ತೆಗೆ, ಮುಂಬೈಗೆ, ನಮ್ಮ ಚಿಕ್ಕಪೇಟೆಗೂ ಬಂದವರು. ಶೇಖಾವಾಟಿ ಸೀಮೆಯಲ್ಲಿ ಗೋಡೆ ತುಂಬಾ ಚಿತ್ರ ಬರೆಸಿದ ಹವೇಲಿಗಳನ್ನು, ಅಂದರೆ ದೊಡ್ಡ ಮನೆಗಳನ್ನು ನೋಡ್ತೀರಲ್ಲ, ಅವುಗಳಲ್ಲಿ ಎಷ್ಟೋ ಅಂಥ ವ್ಯಾಪಾರದ ದುಡ್ಡಿನಲ್ಲೇ ಎದ್ದವು. ಅವುಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ಮುಂಚೆ ‘ದುವಿಧಾ’ ಓದಿರಿ. ಆಗ ಗೈಡನ್ನು ರಾಜರ ಬಗ್ಗೆ ಕೇಳುವುದಿಲ್ಲ, ಈ ಮನೆಯಲ್ಲಿ ಹೆಂಗಸರು ಹೇಗಿದ್ದರು ಅಂತ ಕೇಳುತ್ತೀರಿ.